ರಾಜನ್ ಫೋಟೊ ಸಾಕು, ದೋಸೆ ಲೆಕ್ಕ ಬರೆಯಿರಿ

ಮಾನ್ಯ ಸಂಪಾದಕರೇ,

ರಘುರಾಮ್ ರಾಜನ್ ಏನಾದರೂ ಮಾತಾಡಿದರೆ ಸಾಕು, ಮರುದಿನ ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ, ಯಾರನ್ನು ಕುಟುಕಿದರು ಅನ್ನೋದೇ ಸುದ್ದಿಯಾಗುತ್ತದೆ. 2013ರಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಆದಾಗಲಂತೂ ಸಿನಿಮಾ ನಟರ ಹಾಗೆ ಅವರ ಚಂದವನ್ನೇ ಹೊಗಳಿದ್ದರು. ನನಗೆ ಇದು ಬೇಜಾರು. ಅವರು ಜನರಿಗೆ ಇಷ್ಟವಾಗಬೇಕಾದದ್ದು ಬೇರೆ ಕಾರಣಕ್ಕೆ.

2005ರಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ, ಅಲ್ಲಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ಅವರ ಗೌರವಕ್ಕೆ ಸೇರಿದ್ದ ಸಭೆಯಲ್ಲೇ, ಹಣಕಾಸು ಮಾರುಕಟ್ಟೆಯಲ್ಲಿ ಅಪಾಯ ಬೆಳೀತಾ ಇದೆ ಅಂತ ಮುಖದ ಮೇಲೆ ಹೇಳಿದವರು ಅವರು. ಆಗ ರಾಜನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯ ಅರ್ಥಶಾಸ್ತ್ರಜ್ಞ. ದೊಡ್ಡವರು ಕಿವಿಗೆ ಹಾಕಿಕೊಳ್ಳಲಿಲ್ಲ, 2008ರಲ್ಲಿ ಜಗತ್ತಿನ ಹಣಕಾಸು ವ್ಯವಸ್ಥೆಯೇ ಕುಸಿದದ್ದು ಎಲ್ಲರಿಗೂ ಗೊತ್ತು. ಇಲ್ಲಿಗೆ ಬಂದ ಮೇಲೆ 2015ರಲ್ಲಿ ಬ್ಯಾಂಕುಗಳ ಲೆಕ್ಕ ತೆಗೆಸಿ, ಮುಚ್ಚಿಟ್ಟಿದ್ದ ಕೆಟ್ಟ ಸಾಲಗಳನ್ನು ಹೊರಗೆ ಹಾಕಿಸಿದರು.

ಆದರೆ ನಮ್ಮಂಥವರಿಗೆ ಬೇಕಾದದ್ದು 2016ರ ಜನವರಿಯಲ್ಲಿ ದೆಹಲಿಯ ಉಪನ್ಯಾಸದಲ್ಲಿ ಅವರು ಹೇಳಿದ ದೋಸೆ ಲೆಕ್ಕ. ಪಿಂಚಣಿದಾರರೊಬ್ಬರ ಹತ್ತಿರ 1 ಲಕ್ಷ ರೂಪಾಯಿ ಇದೆ, ದೋಸೆಗೆ 50 ರೂಪಾಯಿ ಅಂದುಕೊಳ್ಳಿ. ಬಡ್ಡಿ ಶೇ 10, ಬೆಲೆ ಏರಿಕೆಯೂ ಶೇ 10. ವರ್ಷದ ಕೊನೆಗೆ ದೋಸೆ 55 ರೂಪಾಯಿ, ಕೈಯಲ್ಲಿ 1.10 ಲಕ್ಷ. ಮೊದಲೂ 2,000 ದೋಸೆ, ಈಗಲೂ 2,000 ದೋಸೆ, ಗಳಿಸಿದ್ದು ಏನೂ ಇಲ್ಲ. ಅದೇ ಬಡ್ಡಿ ಶೇ 8ಕ್ಕೆ ಇಳಿದು ಬೆಲೆ ಏರಿಕೆ ಶೇ 5.5 ಆದರೆ? ದೋಸೆ 52.75 ರೂಪಾಯಿ, ಕೈಯಲ್ಲಿ 1.08 ಲಕ್ಷ. ಬಡ್ಡಿ ಕಡಿಮೆ, ಆದರೂ ಒಟ್ಟು 2,047 ದೋಸೆ ಸಿಗುತ್ತದೆ.

ಕಾರವಾರದ ಬ್ಯಾಂಕುಗಳಲ್ಲಿ ಪಾಸ್‌ಬುಕ್ ಎಂಟ್ರಿಗೆ ನಿಂತ ಹಿರಿಯರ ಬಾಯಲ್ಲಿ ಮಾತ್ರ ಇವತ್ತಿಗೂ ಒಂದೇ ಮಾತು, ಎಫ್‌ಡಿ ಬಡ್ಡಿ ಇಳೀತು. ಅವರದ್ದು ತಪ್ಪು ಅಂತ ನಾನು ಹೇಳಲ್ಲ. ಬಡ್ಡಿಯಲ್ಲೇ ತಿಂಗಳು ತಳ್ಳುವವರು ಅಸಲಿಗೆ ಕೈ ಹಾಕೋದಿಲ್ಲ ಅಲ್ವಾ? ಬರೀ ಬಡ್ಡಿ ನೋಡಿದರೆ ಮೊದಲಿನ ಲೆಕ್ಕದಲ್ಲಿ ಸುಮಾರು 182 ದೋಸೆ, ಎರಡನೆಯದರಲ್ಲಿ 152 ಮಾತ್ರ. ಆ ತಿಂಗಳ ಸಂಕಟ ನಿಜ. ಆದರೆ ಆ ಅಸಲನ್ನು ನಾವು ಯಾಕೆ ಇಟ್ಟಿರುತ್ತೇವೆ? ದೊಡ್ಡ ಕಾಯಿಲೆ ಬಂದರೆ ಗೋವಾಕ್ಕೋ ಮಣಿಪಾಲಕ್ಕೋ ಓಡಬೇಕು, ಅದಕ್ಕೆ. ಬೆಲೆ ಏರಿಕೆ ತಿನ್ನೋದು ಅದೇ ದುಡ್ಡನ್ನು, ಪಾಸ್‌ಬುಕ್ಕಿನಲ್ಲಿ ಅಂಕಿ ಮಾತ್ರ ಹಾಗೇ ಇರುತ್ತದೆ. ಇದನ್ನು ಯಾರೂ ನಮ್ಮ ಹಿರಿಯರಿಗೆ ಕೂರಿಸಿ ಹೇಳಿಲ್ಲ.

ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕ್ ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಪ್ರಕಟಿಸಿದಾಗ ಗೃಹಸಾಲದ ಇಎಂಐ ಎಷ್ಟು ಇಳಿಯುತ್ತದೆ ಅಂತ ನೀವು ದೊಡ್ಡದಾಗಿ ಹಾಕುತ್ತೀರಿ. ಅದರ ಪಕ್ಕದಲ್ಲೇ ಠೇವಣಿ ಇಟ್ಟವರ ಲೆಕ್ಕಕ್ಕೂ ಒಂದು ಚಿಕ್ಕ ಜಾಗ ಕೊಡಿ. 1 ಲಕ್ಷಕ್ಕೆ ಬಡ್ಡಿ ಎಷ್ಟು, ಆ ವರ್ಷ ಬೆಲೆ ಏರಿದ್ದು ಎಷ್ಟು, ಉಳಿದದ್ದು ಎಷ್ಟು, ಇಷ್ಟೇ ಸಾಕು.

– ನಿವೃತ್ತ ಶಿಕ್ಷಕ, ಕಾರವಾರ