ಶಾರದಾಳನ್ನು ಓಡಿಸಿದವರಿಗೆ ನನ್ನ ನಮಸ್ಕಾರ

ನನ್ನ ಪತ್ತೇದಾರಿ ಕಾದಂಬರಿ ಎರಡನೇ ಮುದ್ರಣಕ್ಕೆ ಹೋಗಿದೆ. ವಿಜಯಪುರದ ಮಹಿಳಾ ಪಿಎಸ್‌ಐ ಶಾರದಾ ಒಂದೇ ರಾತ್ರಿಯಲ್ಲಿ ಕೊಲೆಯ ಜಾಡು ಹಿಡಿದು ಓಡುವ ಕಥೆ ಅದು. ಕೊಂಡು ಓದಿದ, ಓದಿ ಇನ್ನೊಬ್ಬರ ಕೈಗಿಟ್ಟ ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

"ಒಂದೇ ಉಸಿರಿಗೆ ಓದಿದೆ" ಅಂತ ತುಂಬಾ ಜನ ಹೇಳುತ್ತಿದ್ದೀರಿ. ಆ ವೇಗ ಕೊಟ್ಟವರು ನಿವೃತ್ತ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬರು. ಹೆಸರು ಹಾಕಬೇಡ ಅಂದಿದ್ದಾರೆ, ನನಗೆ ಅವರು ಅಕ್ಕಾರು. ಆ ರಾತ್ರಿ ಶಾರದಾಳ ಕೈ ಕಟ್ಟುವಂಥದ್ದು ಏನಿರಬಹುದು ಅಂತ ಅವರನ್ನು ಕೇಳಿದ್ದೆ. "ತಂಗಿ, ಹೊತ್ತು ಮುಳುಗಿದ ಮ್ಯಾಲೆ ಹೆಣ್ಮಕ್ಕಳನ್ನ ಹಂಗ ಅರೆಸ್ಟ್ ಮಾಡಾಕ ಬರಂಗಿಲ್ಲ" ಎಂದರು. ಕಾನೂನು ಇರುವುದೇ ಹಾಗೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ತೀರಾ ಅನಿವಾರ್ಯವಾದರೆ ಮಾತ್ರ ಹೆಂಗಸನ್ನು ಬಂಧಿಸಬಹುದು. ಅದಕ್ಕೂ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆಯಬೇಕು. ಹಳೆಯ ಸಿಆರ್‌ಪಿಸಿ (ಬಂಧನ, ತನಿಖೆಯ ಕಾನೂನು) ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಶಾರದಾಳಿಗೆ ಅನುಮಾನ ಇರುವುದು ಒಬ್ಬ ಹೆಂಗಸಿನ ಮೇಲೆ. ಬೆಳಗಾಗುವಷ್ಟರಲ್ಲಿ ಆಕೆ ಊರು ಬಿಡುತ್ತಾಳೆ. ವರದಿ ಬರೆಯಬೇಕು, ಮ್ಯಾಜಿಸ್ಟ್ರೇಟರ ಮನೆ ಬಾಗಿಲು ಬಡಿಯಬೇಕು, ಆಕೆ ಕಣ್ತಪ್ಪದಂತೆಯೂ ನೋಡಿಕೊಳ್ಳಬೇಕು. ಕಾದಂಬರಿಯ ಅರ್ಧ ಓಟ ಇಲ್ಲೇ ಇದೆ. (ಇನ್ನೂ ಓದದವರಿದ್ದೀರಿ, ಕೊಲೆ ಮಾಡಿದವರು ಯಾರು ಅಂತ ಹೇಳುವುದಿಲ್ಲ.)

ಊರು ತೋರಿಸಿದ ಹಿರಿಯ ಗೈಡ್ ಕಾಕಾರಿಗೂ ನಾನು ಋಣಿ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನೇ ಬಳಸು ಅಂತ ಬಹಳ ಜನ ಹೇಳಿದ್ದರು. ಕಾಕಾ ನನ್ನನ್ನು ಕರೆದೊಯ್ದದ್ದು ತೊರವಿ ಕಡೆಗೆ. ಅಲ್ಲಿಂದ ಊರಿಗೆ ನೀರು ತರಲು ಆದಿಲ್‌ಶಾಹಿ ಕಾಲದಲ್ಲಿ ನೆಲದೊಳಗೆ ಕಾಲುವೆ ಕೊರೆದಿದ್ದರು, ಅದೇ ಕರೇಜ್. ಅದರುದ್ದಕ್ಕೂ ನೆಲದ ಮೇಲೆ ಬಾವಿಯಂಥ ಗಾಳಿಕಿಂಡಿಗಳಿವೆ. ಬಗ್ಗಿ ನೋಡಿದ ಕೂಡಲೇ ಹನ್ನೊಂದನೇ ಅಧ್ಯಾಯ ಕಣ್ಣಿಗೆ ಕಟ್ಟಿತು. ಇಂಥ ಜಾಗ ನಮ್ಮೂರಲ್ಲೇ ಇರುವಾಗ ಕಥೆಗೆ ಬೇರೆ ಊರು ಯಾಕೆ ಬೇಕು, ಅಲ್ವಾ?

ಹೊಸಬಳ ಪುಸ್ತಕಕ್ಕೆ ದುಡ್ಡು ಹಾಕಿದ ಪ್ರಕಾಶಕರಿಗೆ, ರಾತ್ರಿ ಲೈಟ್ ಆರಿಸದೆ ಬರೆಯುತ್ತಿದ್ದವಳನ್ನು ಸಹಿಸಿಕೊಂಡ ಮನೆಯವರಿಗೆ ನಮಸ್ಕಾರ. ಅತ್ತೆಗೆ ದಿನಾ ಒಂದೊಂದು ಅಧ್ಯಾಯ ಓದಿ ಹೇಳಿದ ಇಂಡಿ ಊರಿನ ಆ ಸೊಸೆಗೂ.

ಕೊನೆಯದಾಗಿ, ಇಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಹುಡುಗಿಯರಿಗೆ. ಪುಸ್ತಕ ಹಿಡಿದು ಮನೆಗೇ ಬಂದಿರಿ. ಶಾರದಾ ಯಾಕೆ ಒಬ್ಬಳೇ ಓಡಬೇಕು ಅಂತ ಜಗಳವಾಡಿದಿರಿ. ಮುಂದಿನ ಪುಸ್ತಕ ಶುರುವಾಗಿದೆ. ಅದರಲ್ಲಿ ಅವಳ ಜೀಪಿನಲ್ಲಿ ಇನ್ನೊಬ್ಬ ಹುಡುಗಿ ಇದ್ದಾಳೆ.