ಗೊತ್ತಿರೋದನ್ನೇ ಮತ್ತೆ ಯಾಕೆ ಕಲೀಬೇಕು?

ಸಂಪಾದಕರೇ,

ವೃತ್ತಿ ಶಿಕ್ಷಣ ಸಂಸ್ಥೆಗಳು, ವಿಶ್ವವಿದ್ಯಾಲಯಗಳು ಕೈಜೋಡಿಸ್ಬೇಕು ಅಂತ ಎಲ್ರೂ ಹೇಳ್ತಾರೆ, ಒಪ್ಪಂದಕ್ಕೆ ಸಹಿನೂ ಬೀಳುತ್ತೆ. ಆದ್ರೆ ಹತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿ ದುಡಿದವನು ಡಿಗ್ರಿಗೆ ಸೇರಿದ್ರೆ ಮೊದಲ ಸೆಮಿಸ್ಟರಲ್ಲಿ ಎಲ್ಲರ ಜೊತೆ ಕೂತು ವೈರಿಂಗ್ ಲ್ಯಾಬ್ ಮಾಡ್ಬೇಕು, ಯಾಕಂದ್ರೆ ಅವನಿಗೆ ಏನೇನು ಬರುತ್ತೆ ಅಂತ ಬರೆಯೋಕೆ ಅರ್ಜಿಯಲ್ಲಿ ಕಾಲಮ್ಮೇ ಇರಲ್ಲ.

ಗೊತ್ತಿರೋದಕ್ಕೆ ಮನ್ನಣೆ ಕೊಡೋದೇನು ಆಗದ ಕೆಲಸ ಅಲ್ಲ. ಜರ್ಮನಿಯಲ್ಲಿ ಮೈಸ್ಟರ್ ಪರೀಕ್ಷೆ, ಅಂದ್ರೆ ಕಸುಬಿನಲ್ಲಿ ಪಳಗಿದೋರು ಬರೆಯೋ ಉನ್ನತ ಪರೀಕ್ಷೆ, ಪಾಸಾದ ಕುಶಲಕರ್ಮಿಗಳು ಯೂನಿವರ್ಸಿಟಿಗೆ ಸೇರಬಹುದು ಅಂತ 2009ರಲ್ಲೇ ಅಲ್ಲಿನ ರಾಜ್ಯಗಳೆಲ್ಲಾ ಒಪ್ಕೊಂಡ್ವು. ಫ್ರಾನ್ಸ್ ಇನ್ನೂ ಮುಂದೆ ಹೋಯ್ತು, 2002ರ ಕಾನೂನಿನ ಪ್ರಕಾರ ಕೆಲಸದ ಅನುಭವದ ಮೇಲೇನೇ ಪೂರ್ತಿ ಡಿಪ್ಲೊಮಾ ಅಥವಾ ಡಿಗ್ರಿ ಪಡೀಬಹುದು, ತಾನು ಮಾಡಿದ ಕೆಲಸದ ಬಗ್ಗೆ ವಿವರವಾದ ಕಡತ ಬರೆದುಕೊಟ್ಟು ಪರಿಣತರ ಮಂಡಳಿ ಮುಂದೆ ಕೂತು ಉತ್ತರ ಹೇಳ್ಬೇಕು, ಮಂಡಳಿಗೆ ಸಾಲದು ಅನ್ನಿಸಿದ್ರೆ ಒಂದಷ್ಟು ಭಾಗ ಮಾತ್ರ ಒಪ್ಪಿ ಮಿಕ್ಕಿದ್ದು ಓದ್ಕೊಂಡು ಬಾ ಅನ್ನುತ್ತೆ. ಪುಕ್ಕಟೆ ಸರ್ಟಿಫಿಕೇಟ್ ಅಂತೂ ಅಲ್ಲ.

ಗುಣಮಟ್ಟ ಬಿದ್ದೋಗುತ್ತೆ ಅನ್ನೋ ಪ್ರೊಫೆಸರ್‌ಗಳ ಮಾತಲ್ಲಿ ಸ್ವಲ್ಪ ನಿಜ ಇದೆ. ಕೈಕೆಲಸ ಚೆನ್ನಾಗಿ ಬರೋರು ಗಣಿತದಲ್ಲಿ, ಉದ್ದುದ್ದ ವರದಿ ಬರೆಯೋದ್ರಲ್ಲಿ ಎಡವೋದುಂಟು. ಆದ್ರೆ ಅದಕ್ಕೇ ತಾನೇ ದುಡಿಯೋರಿಗೆ ಪಾಠ ಹೇಳೋ ಮುಂದುವರಿಕೆ ಶಿಕ್ಷಣ ಅಂತ ಒಂದು ವಿಭಾಗ ಇರೋದು? ಸಂಜೆ ಹೊತ್ತು, ರಜೆ ದಿನ ಕೊರತೆ ತುಂಬೋ ಬ್ರಿಡ್ಜ್ ಕೋರ್ಸ್ ನಡೆಸೋಕೆ ಆ ವಿಭಾಗದೋರಿಗಿಂತ ಅನುಭವ ಯಾರಿಗಿದೆ, ಆದ್ರೂ ಒಪ್ಪಂದದ ಮಾತುಕತೆಗೆ ಅವರನ್ನ ಕರೆಯೋದೇ ಕಮ್ಮಿ.

ಯಾವ ಕಲಿಕೆಯನ್ನ ಎಷ್ಟು ಅಂತ ಲೆಕ್ಕ ಹಿಡಿಯೋದು ಅನ್ನೋ ತಕರಾರು ಬೇರೆ. ಯುರೋಪಿನ ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್ (ಕಲಿಕೆ ಅಳೆಯೋ ಅಂಕ), ಒಂದೊಂದು ಕ್ರೆಡಿಟ್ಟಿಗೂ ವಿದ್ಯಾರ್ಥಿಯ 25ರಿಂದ 30 ಗಂಟೆ ಶ್ರಮ ಅಂತ ಲೆಕ್ಕ. ವರ್ಕ್‌ಶಾಪಲ್ಲಿ ಕಳೆದ ಗಂಟೆಗಳನ್ನೂ ಸಂಜೆ ಕೋರ್ಸಿನ ಗಂಟೆಗಳನ್ನೂ ಇಂಥದ್ದೇ ಒಂದು ಅಳತೆಗೆ ತಂದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ತರೋರು ಯಾರು? ಆಡಳಿತದೋರು ಅಲ್ಲ, ಎರಡೂ ಕಡೆಯ ಪಾಠ ಮಾಡೋ ಮೇಷ್ಟ್ರುಗಳು ಸಿಲಬಸ್ ಪಕ್ಕಪಕ್ಕ ಇಟ್ಕೊಂಡು ಈ ಪೇಪರ್‌ಗೆ ವಿನಾಯಿತಿ, ಇದಕ್ಕೆ ಇಲ್ಲ ಅಂತ ಬರೀಬೇಕು, ಅದನ್ನ ಅಡ್ಮಿಷನ್‌ಗೆ ಮುಂಚೆಯೇ ಪ್ರಕಟಿಸ್ಬೇಕು. ಡಿಗ್ರಿ ಮುಗಿಸಿ ಕಸುಬು ಕಲಿಯೋಕೆ ಬರೋರಿಗೂ ಇದೇ ನ್ಯಾಯ ಸಿಗ್ಲಿ, ಅವರಿಗೂ ಮತ್ತೆ ಅದೇ ಬೇಸಿಕ್ ಸೈನ್ಸ್ ಯಾಕೆ.

ಇನ್ನೊಂದು, ವಿನಾಯಿತಿ ಕೊಟ್ಟ ಪೇಪರ್‌ಗಳ ಫೀಸು ಬಿಟ್ಟುಕೊಡೋಕೆ ಕಾಲೇಜುಗಳು ತಯಾರಿದ್ದಾವಾ ಅನ್ನೋದನ್ನೂ ಯಾರಾದ್ರೂ ಕೇಳ್ಬೇಕು. ನನಗೇನೋ ಅಸಲಿ ಅಡ್ಡಿ ಅಲ್ಲೇ ಇರೋ ಹಾಗೆ ಕಾಣುತ್ತೆ.

– ಒಬ್ಬ ಓದುಗ