ಕೋಚ್‌ಗೂ ಇದೆ ಹೊಣೆ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಆಟಗಾರನೊಬ್ಬ ತಪ್ಪೆಸಗಿದಾಗಲೆಲ್ಲ, ಕೋಚ್ ಎಲ್ಲರನ್ನೂ ಕಾಯಲಾದೀತೇ ಎಂಬ ವಾದ ಅಭಿಮಾನಿಗಳಿಂದ ಬರುತ್ತದೆ. ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯದ ಪ್ರಕರಣ ಬಲ್ಲವರು ಇದನ್ನು ಒಪ್ಪಲಾರರು. ಲೈಂಗಿಕ ದೌರ್ಜನ್ಯದ ದೂರುಗಳನ್ನು ಅಲ್ಲಿ ನಿಭಾಯಿಸಿದ ಬಗೆಯ ಕುರಿತು ಹೊರಗಿನ ಕಾನೂನು ಸಂಸ್ಥೆಯೊಂದು ನಡೆಸಿದ ತನಿಖೆಯ ಸಾರಾಂಶ 2016ರ ಮೇ ತಿಂಗಳಲ್ಲಿ ಪ್ರಕಟವಾದಾಗ, ಫುಟ್‌ಬಾಲ್ ವಿಭಾಗವು ತನ್ನದೇ ಆಂತರಿಕ ಶಿಸ್ತು ವ್ಯವಸ್ಥೆ ಇಟ್ಟುಕೊಂಡು, ಕೆಲವು ದೂರುಗಳನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸದೆ ಉಳಿದದ್ದು ಬಯಲಾಯಿತು. ತಂಡವನ್ನು 2013ರಲ್ಲಿ ಬಿಗ್ 12 ಎಂಬ ಕಾಲೇಜು ತಂಡಗಳ ಒಕ್ಕೂಟದ ಪ್ರಶಸ್ತಿಗೇರಿಸಿದ್ದ ಕೋಚ್ ಆರ್ಟ್ ಬ್ರೈಲ್ಸ್ ಹುದ್ದೆ ಕಳೆದುಕೊಂಡರು. ಹಾಗಿದ್ದೂ 2016ರ ನವೆಂಬರ್‌ನಲ್ಲಿ ಕ್ರೀಡಾಂಗಣದ ಹೊರಗೆ ಅವರನ್ನು ಬೆಂಬಲಿಸುವ ಕಪ್ಪು ಟೀ ಶರ್ಟ್‌ಗಳು ಮಾರಾಟವಾದವು. ದೂರು ಕೊಟ್ಟ ವಿದ್ಯಾರ್ಥಿನಿಯರು ಅದೇ ಆವರಣದಲ್ಲಿ ಓದಬೇಕಿತ್ತೆಂಬುದು ಆ ಅಭಿಮಾನಿಗಳಿಗೆ ಹೊಳೆಯದೇ ಹೋದದ್ದು ನೋವಿನ ಸಂಗತಿ.

ಆಟಗಾರನ ಮನೆಗೇ ಹೋಗಿ ತಂದೆತಾಯಿಯರನ್ನು ಒಪ್ಪಿಸಿ ಕರೆತರುವ, ವಿದ್ಯಾರ್ಥಿವೇತನ ಕೊಡಿಸುವ, ಬೆಳಗಿನ ಅಭ್ಯಾಸಕ್ಕೆ ತಡವಾದರೆ ದಂಡಿಸುವ ಕೋಚ್, ಅವನ ಮೇಲಿನ ಗಂಭೀರ ದೂರು ಮಾತ್ರ ತನಗೆ ಸೇರಿದ್ದಲ್ಲವೆನ್ನಲು ಬರುವುದಿಲ್ಲ. ನಮ್ಮ ನಾಡಿನ ಅನೇಕ ಮಕ್ಕಳೂ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಆಟಗಾರರ ಮೇಲಿನ ದೂರುಗಳ ವಿಚಾರಣೆ ಕ್ರೀಡಾ ವಿಭಾಗದ ಕೈಯಲ್ಲಿರದೆ ಸ್ವತಂತ್ರ ಕಚೇರಿಯಲ್ಲೇ ನಡೆಯಬೇಕು. ದೂರು ಮುಚ್ಚಿಟ್ಟ ಕೋಚ್ ಎಷ್ಟೇ ಪಂದ್ಯ ಗೆಲ್ಲಿಸಿದ್ದರೂ ಹುದ್ದೆ ಬಿಡಬೇಕು.